ಯಲ್ಲವ್ವ ಅದಾಳ, ಖರೆ. ಬ್ರೇಕು ಯಾರ ಕಾಲಾಗ ಐತಿ?

ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂತಂದ್ರೆ ಉಗರಗೋಳದ ರಸ್ತೆ ಬರೀ ರಸ್ತೆಯಾಗಿ ಉಳಿಯೋದಿಲ್ಲ. ಚಕ್ಕಡಿ, ಟ್ರ್ಯಾಕ್ಟರ್, ಟಂಟಂ, ಕ್ರೂಸರ್, ಸರಕಿನ ಗಾಡಿ, ಇವೆಲ್ಲದರ ನಡುವೆ ತಲೆ ಮೇಲೆ ಗಂಟು ಹೊತ್ತು ನಡೆಯುವ ಜನ. ಮಹಾರಾಷ್ಟ್ರದಿಂದ ಬಂದವರೂ, ಪಕ್ಕದ ತಾಲೂಕಿನವರೂ ಒಂದೇ ದನಿಯಲ್ಲಿ ‘ಉಧೋ ಉಧೋ’ ಅಂತಾರೆ. ನಡೆದು ಸುಸ್ತಾದವರನ್ನು ಕಂಡ ಗಾಡಿಯವ ‘ಹತ್ರಿ, ಗುಡ್ಡಕ್ಕ ಬಿಡ್ತೀನಿ’ ಅಂದರೆ ಅದು ನಮ್ಮ ಕಡೆ ಪುಣ್ಯದ ಕೆಲಸ. ಹತ್ತಿಸಿಕೊಳ್ಳದೆ ಹೋದವನನ್ನೇ ಜನ ಬೈತಾರೆ.

2023ರ ಜನವರಿ ಮೊದಲ ವಾರ, ಬನದ ಹುಣ್ಣಿಮೆಯ ಹೊತ್ತು. ರಾಮದುರ್ಗ ತಾಲೂಕಿನ ಹುಲಕುಂದದಿಂದ ಯಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದ ಪಾದಯಾತ್ರಿಗಳು ಹತ್ತಿದ್ದ ಸರಕಿನ ಗಾಡಿ ಚುಂಚನೂರ ಬಳಿ ಮರಕ್ಕೆ ಗುದ್ದಿತು. ಆರು ಜನ ಸತ್ತರು. ಸುದ್ದಿ ಎರಡು ದಿನ ಓಡಿತು, ಹುಣ್ಣಿಮೆ ಮುಗಿಯಿತು, ಸರಕಿನ ಗಾಡಿಗಳು ಮತ್ತೆ ಜನರನ್ನು ತುಂಬಿಕೊಂಡವು.

ನನ್ನನ್ನು ಕಾಡುವುದು ಆ ಒಂದು ಗಾಡಿಯಲ್ಲ. ಅದೇ ರಾತ್ರಿ, ಅದೇ ರೀತಿ ಜನ ತುಂಬಿಕೊಂಡು ಸುಖವಾಗಿ ಗುಡ್ಡ ಮುಟ್ಟಿದ ಉಳಿದ ಗಾಡಿಗಳು. ಅವರಿಗೆ ನಾವು ಕಾಯಿ ಪ್ರಸಾದ ಕೊಟ್ಟು ‘ದೇವರಂಥ ಮನಷ್ಯಾ’ ಅಂದೆವು. ಕೆಲಸ ಒಂದೇ ಆಗಿರುವಾಗ ಒಬ್ಬ ಅಪರಾಧಿ, ಒಬ್ಬ ದೇವರಂಥವ ಆಗೋದು ಹೆಂಗೆ?

ಈ ಪ್ರಶ್ನೆ ಹೊಸದಲ್ಲ. 1976ರಲ್ಲಿ ಬ್ರಿಟನ್ನಿನ ಬರ್ನಾರ್ಡ್ ವಿಲಿಯಮ್ಸ್, ಅಮೆರಿಕದ ಥಾಮಸ್ ನೇಗೆಲ್ ಎಂಬ ಇಬ್ಬರು ತತ್ವಜ್ಞಾನಿಗಳು ಇದಕ್ಕೆ ‘ನೈತಿಕ ಅದೃಷ್ಟ’ ಅನ್ನುವ ಹೆಸರಲ್ಲಿ ಚರ್ಚೆ ಮಾಡಿದರು. ಇಬ್ಬರೂ ಲಾರಿ ಡ್ರೈವರನ ಉದಾಹರಣೆಯನ್ನೇ ಎತ್ತಿಕೊಂಡಿದ್ದರು ಅನ್ನೋದು ವಿಶೇಷ. ಬ್ರೇಕ್ ಪರೀಕ್ಷೆ ಮಾಡಿಸದ ಡ್ರೈವರನ ಮುಂದೆ ಮಗು ಅಡ್ಡ ಬಂದರೆ ಅವನು ಸಾವಿಗೆ ಹೊಣೆ. ಬಾರದಿದ್ದರೆ ಅವನದು ಬರೀ ಸಣ್ಣ ಅಸಡ್ಡೆ. ಮಗು ಬರುವುದು, ಬಿಡುವುದು ಮಾತ್ರ ಅವನ ಕೈಯಲ್ಲಿಲ್ಲ.

ನಮ್ಮ ಕಾನೂನೂ ಹೀಗೇ ಅಳೆಯುತ್ತದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಡ್ಡಾದಿಡ್ಡಿ ಗಾಡಿ ಓಡಿಸಿದರೆ ಹೆಚ್ಚೆಂದರೆ 6 ತಿಂಗಳು. ಅದರಿಂದ ಯಾರಾದರೂ ಸತ್ತರೆ 5 ವರ್ಷದವರೆಗೆ. ಸತ್ತವರ ಮನೆಯವರ ದೃಷ್ಟಿಯಿಂದ ಇದು ಸರಿಯೇ. ಆದರೆ ಮನಸ್ಸಿಗೂ ಇದೇ ತಕ್ಕಡಿ ಸಾಕೇ? ಸಾಕು ಅಂದರೆ, ಮುಟ್ಟಿದವರೆಲ್ಲ ಒಳ್ಳೆಯ ಡ್ರೈವರುಗಳು ಅಂತಾಯಿತು. ನನ್ನ ಪ್ರಕಾರ ತೂಗಬೇಕಾದದ್ದು ಕೀಲಿ ತಿರುವಿದ ಗಳಿಗೆಯನ್ನು. ನಿದ್ದೆಗಣ್ಣಲ್ಲಿ ಹೊರಟನೋ, ಕುಡಿದು ಹೊರಟನೋ, ಹಿಡಿಯಲು ಏನೂ ಇಲ್ಲದ ಡಬ್ಬಿಯಲ್ಲಿ ಮಂದಿ ನಿಲ್ಲಿಸಿಕೊಂಡು ಹೊರಟನೋ, ತಪ್ಪು ಆಗಲೇ ಪೂರ್ತಿ ಆಗಿಬಿಟ್ಟಿರುತ್ತದೆ. ಮರ ಬರೀ ಅದನ್ನು ಎಲ್ಲರಿಗೂ ತೋರಿಸುತ್ತದೆ.

ಲೆಕ್ಕ ಹಾಕಿ ನೋಡ್ರಿ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಮೊಬೈಲ್ ನೋಡಲು 3 ಸೆಕೆಂಡ್ ತಲೆ ಬಗ್ಗಿಸಿದರೆ ಸುಮಾರು 50 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆ. ವೇಗ ಎರಡು ಪಟ್ಟಾದರೆ ಗುದ್ದುವ ಶಕ್ತಿ ನಾಲ್ಕು ಪಟ್ಟು. ಸರಕಿನ ಡಬ್ಬಿಯಲ್ಲಿ ಸೀಟಿಲ್ಲ, ಬೆಲ್ಟಿಲ್ಲ. ಗಾಡಿ ನಿಂತರೂ ಒಳಗಿನ ಮನುಷ್ಯ ನಿಲ್ಲೋದಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಇಷ್ಟೂ ಜನರ ಅದೃಷ್ಟ ಕೆಟ್ಟಿತ್ತು ಅನ್ನೋಣೇನು?

‘ಹಣೆಬರಹ ರೀ, ಯಾರೇನ್ ಮಾಡಾಕ ಬರತೈತಿ’ ಅಂತಾರೆ. ಈ ಮಾತನ್ನು ನಾನು ಪೂರ್ತಿ ತಳ್ಳಿಹಾಕೋದಿಲ್ಲ. ಮಗಳನ್ನು ಕಳಕೊಂಡ ತಾಯಿಯ ಹತ್ತಿರ ಕೂತಾಗ ಹೇಳಲು ಬೇರೆ ಮಾತೇ ಸಿಗೋದಿಲ್ಲ. ಆದರೆ ಹಣೆಬರಹ ಅನ್ನೋದು ಆದ ಮೇಲೆ ಹೇಳುವ ಸಮಾಧಾನ. ಹೊರಡುವ ಮೊದಲೇ ಹೇಳಿದರೆ ಅದು ನೆಪ. ಗಾಲಿಯ ಕೆಳಗೆ ನಿಂಬೆಹಣ್ಣು ಇಡ್ರಿ, ಗಾಜಿಗೆ ಭಂಡಾರ ಹಚ್ಚರಿ, ಬೇಡ ಅನ್ನೋರ್ಯಾರು? ಆ ಗಾಲಿಯ ಗಾಳಿಯನ್ನೂ ಒಮ್ಮೆ ನೋಡಿಕೊಂಡರೆ ದೇವಿ ಸಿಟ್ಟಾಗೋದಿಲ್ಲ.

ಹಂಗಾದ್ರೆ ಸುಸ್ತಾದವರನ್ನು ಬಿಟ್ಟು ಹೋಗಬೇಕೇನು? ಇದು ನ್ಯಾಯವಾದ ಪ್ರಶ್ನೆ. ಜನ ಹುಚ್ಚಿಗೆ ಸರಕಿನ ಗಾಡಿ ಹತ್ತೋದಿಲ್ಲ. ಬಸ್ಸು ತುಂಬಿರುತ್ತದೆ, ಜೇಬು ಖಾಲಿ ಇರುತ್ತದೆ, ಕಾಲು ಸೋತಿರುತ್ತವೆ. ಹುಣ್ಣಿಮೆಗೆ ಸಾಕಷ್ಟು ಬಸ್ಸು ಬಿಡುವ ಹೊಣೆ ಡ್ರೈವರನದಲ್ಲ, ಸರಕಾರದ್ದು. ಆದರೆ ಕರುಣೆ ಅಂದರೆ ಹತ್ತಿಸಿಕೊಳ್ಳೋದಷ್ಟೇ ಅಲ್ಲ, ಇಳಿಸೋತನಕ ಕಾಯೋದು. ಕಾಯಲು ಆಗದ ಗಾಡಿಯಲ್ಲಿ ‘ಇಲ್ಲವ್ವಾ, ಮಂದಿ ಕೂಡಿಸೋ ಗಾಡಿ ಅಲ್ಲಿದು’ ಅನ್ನುವವನು ಕಲ್ಲು ಮನಸ್ಸಿನವನಲ್ಲ. ಬೈಸಿಕೊಳ್ಳಲೂ ತಯಾರಾದ ದೊಡ್ಡ ಮನಸ್ಸಿನವನು.

ಇನ್ನು ಹತ್ತುವ ನಾವೂ ಬಾಯಿ ಮುಚ್ಚಿ ಕೂಡಬಾರದು. ಪುಕ್ಕಟೆ ಕರಕೊಂಡು ಹೊಂಟಾನ, ಅವಗ ಹೆಂಗ ಹೇಳೋದು ಅನ್ನೋ ಸಂಕೋಚ ಬಹಳ ದುಬಾರಿ. ‘ತಮ್ಮಾ, ಸಾವಕಾಶ ಹೊಡಿ, ಜಾತ್ರಿ ಎಲ್ಲೂ ಓಡಿ ಹೋಗೂದಿಲ್ಲ’ ಅನ್ನಲು ರೊಕ್ಕ ಹತ್ತೋದಿಲ್ಲ. ಕೇಳದಿದ್ದರೆ ‘ಇಲ್ಲೇ ಇಳಸಪಾ’ ಅನ್ನಬಹುದು. ನಡಕೊಂಡು ಹೋದವರಿಗೆ ಗುಡ್ಡ ತಡವಾಗಿ ಸಿಕ್ಕೀತು, ಆದರೆ ಸಿಗುತ್ತದೆ.