ಮೈಮರೆಯುವುದು ಯಾರಿಗೆ ಸಾಧ್ಯ?

ಕನ್ನಡದಲ್ಲಿ ಮೈಗೆ ಸಂಬಂಧಪಟ್ಟ ನುಡಿಗಟ್ಟುಗಳಿಗೆ ಬರ ಇಲ್ಲ. ಮೈಚಳಿ ಬಿಡಬೇಕು, ಮೈಮುರಿದು ದುಡಿಯಬೇಕು, ಮೈಯೆಲ್ಲಾ ಕಣ್ಣಾಗಿರಬೇಕು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ‘ಮೈಮರೆಯುವುದು’. ಹಾಡು ಕೇಳ್ತಾ, ಆಟ ಆಡ್ತಾ, ಮೈ ಅನ್ನೋದೊಂದು ಇದೆ ಎಂಬುದೇ ಮರೆತುಹೋಗುವ ಸ್ಥಿತಿ. ಜಿಮ್‌ಗೆ ಹೋಗುವ ನನ್ನ ಸಹೋದ್ಯೋಗಿಗಳು ಹೇಳೋದೂ ಇದನ್ನೇ. “ಮೊದಲ ಹದಿನೈದು ನಿಮಿಷ ಹಿಂಸೆ ಗುರು, ಆಮೇಲೆ ಏನೂ ಗೊತ್ತಾಗಲ್ಲ.”

ಆ ‘ಗೊತ್ತಾಗಲ್ಲ’ ಅನ್ನೋದರ ಬಗ್ಗೆಯೇ ನನ್ನ ತಕರಾರು.

ನಾನು ಟ್ರಾನ್ಸ್ ಪುರುಷ. ಆಫೀಸಿಗೆ ಹೋಗುವಾಗ ಶರ್ಟಿನ ಒಳಗೆ ಬೈಂಡರ್ ಹಾಕ್ತೀನಿ. ಬೈಂಡರ್ ಅಂದ್ರೆ ಎದೆಯನ್ನು ಒತ್ತಿ ಚಪ್ಪಟೆಯಾಗಿ ಕಾಣಿಸುವ ಬಿಗಿಯಾದ ಬನಿಯನ್ ಅಂದುಕೊಳ್ಳಿ. ಮುಂಭಾಗದ ಬಟ್ಟೆ ಹಿಗ್ಗುವುದಿಲ್ಲ. ಟ್ರಾನ್ಸ್ ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗೋದು ಪದ್ಮಶ್ರೀ ಮಂಜಮ್ಮ ಜೋಗತಿಯವರಂಥ ಹೆಸರುಗಳು. ಹೆಣ್ಣುಮಗು ಅಂತ ಬೆಳೆದು ಗಂಡಸಾಗಿ ಬದುಕುತ್ತಿರುವ ನಮ್ಮಂಥವರು ಕಣ್ಣಿಗೆ ಬೀಳೋದು ಕಮ್ಮಿ. ಕಣ್ಣಿಗೆ ಬೀಳದೇ ಇರೋಕೇ ತಾನೇ ಅದನ್ನು ಹಾಕೋದು ಅಂತ ನೀವು ಕೇಳಿದರೆ ನಾನೂ ನಗ್ತೀನಿ.

ಆದರೆ ಬೇರೆಯವರ ಕಣ್ಣು ಅರ್ಧ ಕಾರಣ ಮಾತ್ರ. ಬೈಂಡರ್ ಹಾಕಿಕೊಂಡಾಗ ನನ್ನ ಎದೆ ನನಗೇ ಮರೆತುಹೋಗುತ್ತೆ. ಮೀಟಿಂಗಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರ್ತೀನಿ, ಮೆಟ್ರೋದಲ್ಲಿ ಬ್ಯಾಗನ್ನು ಎದೆಗೆ ಅಡ್ಡ ಹಿಡಿಯೋದಿಲ್ಲ. ಉಳಿದವರಿಗೆ ಪುಕ್ಕಟೆ ಸಿಗುವ ಮೈಮರೆವು ನನಗೆ ಸಿಗೋದು ಈ ಒಂದು ತುಂಡು ಬಟ್ಟೆಯಿಂದ. ಜಿಮ್ಮಿಗೆ ಕಾಲಿಟ್ಟರೆ ಲೆಕ್ಕ ಪೂರ್ತಿ ಉಲ್ಟಾ. ಬೈಂಡರ್ ಹಾಕಿ ವ್ಯಾಯಾಮ ಮಾಡುವವನು ಒಂದು ಕ್ಷಣವೂ ಮೈ ಮರೆಯುವಂತಿಲ್ಲ, ಮರೆತರೆ ಅಪಾಯ.

ಯಾಕೆ ಅಂತ ಸ್ವಲ್ಪ ನೋಡೋಣ. ಸುಮ್ಮನೆ ಕೂತಾಗ ನಾವು ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ ಎಳೆದುಕೊಳ್ತೀವಿ, ನಿಮಿಷಕ್ಕೆ ಆರೇಳು ಲೀಟರ್. ಜೋರಾಗಿ ಓಡುವಾಗ ಅದು ಹತ್ತು ಪಟ್ಟು, ಇನ್ನೂ ಹೆಚ್ಚು ಆಗಬಹುದು. ಅಷ್ಟು ಗಾಳಿಗೆ ಜಾಗ ಆಗಬೇಕಾದರೆ ಪಕ್ಕೆಲುಬಿನ 12 ಜೊತೆಯೂ ಪಕ್ಕಕ್ಕೆ, ಮೇಲಕ್ಕೆ ಅರಳಬೇಕು. ಬೈಂಡರ್ ಕೂತಿರೋದು ಸರಿಯಾಗಿ ಅದೇ ಜಾಗದಲ್ಲಿ. ಅದರ ಕೆಲಸವೇ ಅರಳೋದಕ್ಕೆ ಬಿಡದೇ ಇರೋದು. ಹಾಗಾಗಿ ಉಸಿರು ಮೇಲೆಮೇಲೆ ಆಡುತ್ತೆ, ತಲೆ ಸುತ್ತುತ್ತೆ, ಪಕ್ಕೆಲುಬುಗಳ ನಡುವಿನ ಸ್ನಾಯು ಹಿಡಿದುಕೊಳ್ಳುತ್ತೆ. ಬೈಂಡರ್ ಸಿಗದೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳುವವರ ಕಥೆ ಇನ್ನೂ ಕಷ್ಟ. ಉಳುಕಿದ ಕಾಲಿಗೆ ಅಂತ ಮಾಡಿದ ಪಟ್ಟಿ ಅದು, ಮೈ ಅಲ್ಲಾಡಿದ ಹಾಗೆ ಜಾರಿ ಒಂದೇ ಕಡೆ ಬಿಗಿಯುತ್ತೆ.

ಆದ್ದರಿಂದ ಎಲ್ಲ ಕೈಪಿಡಿಗಳೂ ಒಂದೇ ಮಾತು ಹೇಳುತ್ತವೆ: ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಬೇಡ, ಹಾಕಿಕೊಂಡು ಮಲಗಬೇಡಿ, ವ್ಯಾಯಾಮಕ್ಕಂತೂ ಬೇಡವೇ ಬೇಡ. ಈ ಸಲಹೆ ಸರಿಯಾಗಿದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ನನಗೆ ಕಾಡೋದು ಬೇರೆ ಪ್ರಶ್ನೆ. ವೈದ್ಯಕೀಯವಾಗಿ ಸರಿಯಾದ ಮಾತು ಒಬ್ಬ ಮನುಷ್ಯನ ಬದುಕಿನಲ್ಲಿ ತಪ್ಪು ಫಲ ಕೊಟ್ಟರೆ, ಆ ಮಾತು ಹೇಳಿದವನ ಜವಾಬ್ದಾರಿ ಎಲ್ಲಿಗೆ ಮುಗಿಯುತ್ತೆ?

ನಾನು ಹೋಗುತ್ತಿದ್ದ ಒಂದು ಜಿಮ್ಮಿನ ಟ್ರೇನರ್ ಒಳ್ಳೆಯ ಮನುಷ್ಯ. ವಿಷಯ ಗೊತ್ತಾದಾಗ ಗೇಲಿ ಮಾಡಲಿಲ್ಲ, ಮ್ಯಾನೇಜರ್ ಹತ್ತಿರ ಓಡಲಿಲ್ಲ. “ಅದನ್ನ ತೆಗೆದು ಬನ್ನಿ ಸರ್, ಇಲ್ಲಾಂದ್ರೆ ಬೇಡ. ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ” ಅಂದರು. ಅವರ ಭಯ ನನಗೆ ಅರ್ಥವಾಗುತ್ತೆ. ಇವತ್ತು ಓಟ ಬೇಡ ಅಂತ ಅವರು ತಡೆದರೆ ಅದು ಕಾಳಜಿ. ಆದರೆ ನಾಲ್ಕೂ ಗೋಡೆಗೆ ಕನ್ನಡಿ ಹಾಕಿರುವ, ಬಾಗಿಲಿಗೆ ಚಿಲಕವೂ ಇಲ್ಲದ ಆ ಜಾಗದಲ್ಲಿ ‘ತೆಗೆದು ಬನ್ನಿ’ ಅನ್ನೋದಕ್ಕೂ ‘ಬರಬೇಡಿ’ ಅನ್ನೋದಕ್ಕೂ ನನ್ನಂಥವನಿಗೆ ವ್ಯತ್ಯಾಸವೇ ಇಲ್ಲ. ‘ಹಾಗಾದರೆ ಏನು ಮಾಡೋಣ?’ ಅನ್ನುವ ಇನ್ನೊಂದು ಮಾತು ಬಂದಿದ್ದರೆ ಸಾಕಿತ್ತು. ಅದು ಬರಲಿಲ್ಲ.

ಅಂದಹಾಗೆ, ಸುರಕ್ಷತೆಯ ಕಾಳಜಿ ಯಾರ ಮೈ ಮೇಲೆ ಹುಟ್ಟುತ್ತೆ ಅನ್ನೋದೂ ಯೋಚಿಸಬೇಕಾದ ವಿಷಯ. ಆ ಜಿಮ್ಮಿನ ಎದುರೇ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಸೀರೆಯ ಮೇಲೊಂದು ಗಂಡಸರ ಶರ್ಟು ಹಾಕಿಕೊಂಡ ಹೆಂಗಸರು ತಲೆಯ ಮೇಲೆ ಕಾಂಕ್ರೀಟ್ ಬಾಣಲೆ ಹೊತ್ತು ಮೂರನೇ ಮಹಡಿಗೆ ಹತ್ತುತ್ತಿದ್ದರು. ಅವರ ಕುತ್ತಿಗೆಯ ಬಗ್ಗೆ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ, ನನ್ನನ್ನೂ ಸೇರಿಸಿಯೇ ಹೇಳ್ತಿದೀನಿ.

ಇನ್ನೊಂದು ಪಂಗಡದ ಉಪದೇಶವೂ ಉಂಟು. “ಇರುವ ಮೈಯನ್ನ ಒಪ್ಪಿಕೊಳ್ಳೋದು ಕಲಿ, ಆಗ ಬೈಂಡರ್ ಯಾಕೆ ಬೇಕು?” ಇಂಥವರ ಹತ್ತಿರ ವಾದ ಮಾಡುವ ತಾಳ್ಮೆ ನನಗೆ ಉಳಿದಿಲ್ಲ. ಕನ್ನಡಕ ಹಾಕುವವರಿಗೆ ಮಂಜುಗಣ್ಣನ್ನು ಒಪ್ಪಿಕೊಳ್ಳಿ ಅಂತ ಯಾರೂ ಹೇಳಲ್ಲವಲ್ಲ. ಮತ್ತೆ ಕೆಲವರು ಆರ್ಯನ್ ಪಾಶಾ ಫೋಟೋ ಕಳಿಸ್ತಾರೆ. 2018ರಲ್ಲಿ ಮಸಲ್‌ಮೇನಿಯಾ ಇಂಡಿಯಾ ಸ್ಪರ್ಧೆಯಲ್ಲಿ ಎರಡನೇ ಸ್ಥಾನ ಪಡೆದ ಟ್ರಾನ್ಸ್ ಪುರುಷ. ನೋಡಿದರೆ ಹೆಮ್ಮೆಯಾಗುತ್ತೆ, ನಿಜ. ಆದರೆ ಅವರು ವೇದಿಕೆ ಹತ್ತಿದ್ದು ಎದೆಯ ಶಸ್ತ್ರಚಿಕಿತ್ಸೆ ಆದ ಮೇಲೆ. ಆ ಆಪರೇಷನ್ನಿಗೆ ದುಡ್ಡು ಕೂಡಿಸುತ್ತಾ, ಮನೆಯವರನ್ನು ಒಪ್ಪಿಸುತ್ತಾ ಕಳೆಯುವ ವರ್ಷಗಳಲ್ಲೂ ಮನುಷ್ಯನಿಗೆ ಸಕ್ಕರೆ ಕಾಯಿಲೆ ಬರಬಾರದು, ಬೆನ್ನು ಬಗ್ಗಬಾರದು. ನಾನು ಮಾತಾಡ್ತಿರೋದು ಆ ನಡುವಿನ ವರ್ಷಗಳ ಬಗ್ಗೆ.

ನಮ್ಮವರಲ್ಲೇ ಕೆಲವು ಹುಡುಗರದು ಮೂರನೇ ದಾರಿ. ನೋವು ಆಗ್ಲಿ ಬಿಡು, ಗಂಡಸು ಅಂದಮೇಲೆ ತಡ್ಕೋಬೇಕು. ಇದಕ್ಕೆ ನಾನು ಒಪ್ಪಲ್ಲ. ಜಿಮ್ಮಿನ ಗೋಡೆಬರಹಗಳು ನೋವನ್ನು ಗೆದ್ದವನೇ ಶೂರ ಅಂತ ಸಾರುತ್ತವೆ, ಈ ಹುಡುಗರು ಅದನ್ನು ಗಂಡಸುತನದ ಸರ್ಟಿಫಿಕೇಟ್ ಮಾಡಿಕೊಂಡಿದಾರೆ. ತೊಡೆಯ ಸ್ನಾಯು ಉರಿಯೋದು ಒಂದು ಥರದ ನೋವು, ಉಸಿರು ಎಳೆದಾಗ ಪಕ್ಕೆಯಲ್ಲಿ ಚುಚ್ಚೋದು ಇನ್ನೊಂದು ಥರದ್ದು. ಎರಡನೆಯದನ್ನು ಸಹಿಸಿ ಯಾರೂ ಹೆಚ್ಚು ಗಂಡಸಾಗಲ್ಲ. ಬೇಡದ ಮೈ ಕೊಟ್ಟದ್ದಕ್ಕೆ ಆ ಮೈಗೇ ಶಿಕ್ಷೆ ಕೊಡುವ ಆಸೆ ಅದರೊಳಗೆ ಅಡಗಿದೆ ಅಂತ ನನ್ನ ಗುಮಾನಿ. ಶಿಕ್ಷೆ ಅನುಭವಿಸುವ ಪಕ್ಕೆಲುಬು ಮಾತ್ರ ಯಾವ ತಪ್ಪೂ ಮಾಡಿಲ್ಲ.

2017ರಲ್ಲಿ ಪ್ರಕಟವಾದ, ಅಮೆರಿಕದ ಸಂಶೋಧಕರ ಒಂದು ಅಧ್ಯಯನ ಇದೆ. ಬೈಂಡರ್ ಹಾಕುವ 1,800 ಮಂದಿಯನ್ನು ಕೇಳಿದರೆ 97 ಶೇಕಡಾ ಜನ ಬೆನ್ನುನೋವೋ, ತುರಿಕೆಯೋ, ಉಸಿರಿನ ಕಷ್ಟವೋ, ಒಂದಾದರೂ ತೊಂದರೆ ಇದೆ ಅಂದರು. ಜೊತೆಗೇ ಬೈಂಡರ್‌ನಿಂದ ಮನಸ್ಸು ಹಗುರಾಯಿತು, ಆತಂಕ ಕಮ್ಮಿಯಾಯಿತು ಅಂತಲೂ ಹೇಳಿದರು. ಮೊದಲ ವಾಕ್ಯ ಹಿಡಿದುಕೊಂಡು ನಿಷೇಧ ಹಾಕುವವರಿಗೂ, ಎರಡನೆಯದನ್ನಷ್ಟೇ ಓದುವ ನಮ್ಮ ಹುಡುಗರಿಗೂ ಒಂದೇ ಕಾಯಿಲೆ. ಅದೇ ಅಧ್ಯಯನದಲ್ಲಿ ಕೆಲಸಕ್ಕೆ ಬರುವ ಇನ್ನೊಂದು ಅಂಶ ಇತ್ತು: ವಾರದಲ್ಲಿ ಎಷ್ಟು ದಿನ ಹಾಕ್ತಾರೆ ಅನ್ನೋದಕ್ಕೂ ತೊಂದರೆಗಳಿಗೂ ನೇರ ನಂಟು. ಅಂದ್ರೆ ರಜೆ ಕೊಡುವ ಪ್ರತಿ ದಿನವೂ ಲೆಕ್ಕಕ್ಕೆ ಬರುತ್ತೆ.

ನನ್ನ ವ್ಯವಸ್ಥೆ ಈಗ ಹೀಗಿದೆ. ಭಾನುವಾರ ಮನೆಯಲ್ಲಿದ್ದರೆ ಬೈಂಡರ್ ಇಲ್ಲ. ವ್ಯಾಯಾಮಕ್ಕೆ ಬಿಗಿಯಾದ ಸ್ಪೋರ್ಟ್ಸ್ ಬ್ರಾ, ಸರಿಯಾದ ಅಳತೆಯದ್ದು ಒಂದೇ. ಬೈಂಡರ್ ಮೇಲೆ ಅದು, ಅದರ ಮೇಲೆ ಇನ್ನೊಂದು ಅಂತ ಪೇರಿಸೋದಿಲ್ಲ. ‘ಬ್ರಾ’ ಅನ್ನುವ ಹೆಸರೇ ಕೆಲವರಿಗೆ ಗಂಟಲಲ್ಲಿ ಇಳಿಯಲ್ಲ, ಗೊತ್ತು. ಚೀಟಿ ಕತ್ತರಿಸಿ ಬಿಸಾಕಿ. ಮೇಲೆ ದೊಗಳೆ ಕಪ್ಪು ಟೀಶರ್ಟು. ಟ್ರೆಡ್‌ಮಿಲ್ ಓಟದ ಬದಲು ಬೇಗ ನಡಿಗೆ. ಭಾರ ಎತ್ತುವಾಗ ಸುತ್ತಿಗೂ ಸುತ್ತಿಗೂ ನಡುವೆ ಧಾರಾಳ ಬಿಡುವು. ನಡುವೆ ಒಂದು ಪೂರ್ತಿ ವಾಕ್ಯ ಮಾತಾಡಿ ನೋಡ್ತೀನಿ. ಉಸಿರು ಕಟ್ಟಿದರೆ ಅಲ್ಲಿಗೆ ನಿಲ್ಲಿಸೋದು. ಚುಚ್ಚು ನೋವು, ಕೈ ಜೋಮು, ತಲೆಸುತ್ತು ಬಂದರೆ ಸೀದಾ ಟಾಯ್ಲೆಟ್ಟಿಗೆ ಹೋಗಿ ಬಿಚ್ಚೋದು. ಸಂಜೆ ಬೈಂಡರ್ ತೆಗೆದ ಮೇಲೆ ನಾಲ್ಕು ಸಲ ಆಳವಾಗಿ ಉಸಿರೆಳೆದು ಜೋರಾಗಿ ಕೆಮ್ತೀನಿ.

ಒಗೆದು ಒಣಗಿಸೋದೇ ಎಲ್ಲಕ್ಕಿಂತ ದೊಡ್ಡ ತಲೆನೋವು. ಪಿಜಿಯಲ್ಲಿದ್ದಾಗ ಟೆರೇಸಿನ ತಂತಿಗೆ ಹಾಕೋ ಹಾಗಿಲ್ಲ, ಯಾರಾದರೂ ಇದೇನು ಅಂತ ಕೇಳ್ತಾರೆ. ರೂಮಿನಲ್ಲೇ ಟವೆಲ್ಲಿನ ಅಡಿ ಬಚ್ಚಿಟ್ಟು ಒಣಗಿಸಿದರೆ ಮಳೆಗಾಲದಲ್ಲಿ ಮೂರು ದಿನವಾದರೂ ತೇವ ಹೋಗಲ್ಲ. ಆ ತೇವದ ಮೇಲೆ ಬೆವರು ಕೂತು ಮೈ ತುರಿಕೆ. ಗುಟ್ಟು ಕಾಯೋದಕ್ಕೂ ಚರ್ಮದ ಆರೋಗ್ಯಕ್ಕೂ ಇಂಥ ಸಂಬಂಧ ಇದೆ ಅಂತ ಯಾವ ಕೈಪಿಡಿಯಲ್ಲೂ ಓದಿಲ್ಲ.

ಹೋದ ತಿಂಗಳು ಪರಿಚಯದ ಹುಡುಗನೊಬ್ಬನ ಮೆಸೇಜು ಬಂತು. “ಅಣ್ಣಾ, ಫ್ರೆಂಡ್ಸ್ ಎಲ್ಲ ಚಾಮುಂಡಿ ಬೆಟ್ಟ ಮೆಟ್ಟಿಲು ಹತ್ತಿ ಹೋಗ್ತಿದಾರೆ. ಬೈಂಡರ್ ಹಾಕ್ಕೊಂಡು ಬಂದ್ರೆ ಆಗುತ್ತಾ? ಇಲ್ಲಾಂದ್ರೆ ಹುಷಾರಿಲ್ಲ ಅಂತ ಹೇಳ್ತೀನಿ.” ಬೇಡ ಅಂತ ಬರೆದು ಕೈತೊಳೆದುಕೊಳ್ಳಬಹುದಿತ್ತು. ಸಾವಿರ ಮೆಟ್ಟಿಲು, ಬೈಂಡರಿನಲ್ಲಿ ಖಂಡಿತ ಬೇಡ. ಆದರೆ ಹತ್ತೊಂಬತ್ತು ವರ್ಷದ ಹುಡುಗ ಹುಷಾರಿಲ್ಲ ಅಂತ ಸುಳ್ಳು ಹೇಳಿ ಮನೆಯಲ್ಲಿ ಕೂರೋದೂ ಬೇಡ. ಹಾಗಾಗಿ ಉದ್ದಕ್ಕೆ ಬರೆದೆ: ಸ್ಪೋರ್ಟ್ಸ್ ಬ್ರಾ ಹಾಕು, ಮೇಲೆ ದಪ್ಪನೆಯ ಶರ್ಟು, ಗುಂಡಿ ಬಿಟ್ಟುಕೋ. ಬಿಸಿಲೇರುವ ಮುಂಚೆ ಹೊರಡಿ. ಬೈಂಡರನ್ನು ಬ್ಯಾಗಿನಲ್ಲಿಟ್ಟುಕೋ, ಮೇಲೆ ಹೋಗಿ ಬೆವರು ಆರಿದ ಮೇಲೆ ಬೇಕಾದರೆ ಹಾಕ್ಕೋ. ಮುಕ್ಕಾಲು ದಾರಿ ಹತ್ತಿರ ಬಂದಾಗ ದೊಡ್ಡ ನಂದಿ ಸಿಗುತ್ತೆ, ಅಲ್ಲಿ ಕೂತು ಸುಧಾರಿಸ್ಕೋ. ಆ ಕಟ್ಟೆಯ ಮೇಲೆ ಎಲ್ಲರೂ ಶರ್ಟು ಎಳೆದುಕೊಳ್ತಾ ಏದುಸಿರು ಬಿಡ್ತಾ ಇರ್ತಾರೆ, ನಿನ್ನ ಕಡೆ ನೋಡೋಕೆ ಯಾರಿಗೂ ಪುರುಸೊತ್ತು ಇರಲ್ಲ.