ಇಂಡಿಯನ್ ಗೂಸ್‌ಬೆರಿ ಅಂದ್ರೆ ಯಾರು?

ಕಾರ್ತೀಕ ಮಾಸದಲ್ಲಿ ಅಮ್ಮ ಊರಿಂದ ಬೆಂಗಳೂರಿಗೆ ಬಂದಿದ್ದರು. ಉತ್ಥಾನ ದ್ವಾದಶಿಗೆ ತುಳಸಿ ಪಕ್ಕ ನೆಡೋದಕ್ಕೆ ಕಾಯಿ ಇರುವ ನೆಲ್ಲಿ ಕೊಂಬೆ ಬೇಕು ಅಂದರು. ಎಂಟನೇ ಮಹಡಿಯ ಬಾಲ್ಕನಿಯಲ್ಲಿ, ಪ್ಲಾಸ್ಟಿಕ್ ಕುಂಡದಲ್ಲಿ ಬೆಳೆದಿರೋ ನಮ್ಮ ತುಳಸಿಗೆ ಕೊಂಬೆ ಎಲ್ಲಿಂದ ತರೋದು? ಕಾಯಾದರೂ ಇರಲಿ, ಅದರಲ್ಲೇ ದೀಪ ಹಚ್ಚಿದರಾಯ್ತು ಅಂತ ಆ್ಯಪ್‌ನಲ್ಲಿ ಕಾಲು ಕಿಲೋ ತರಿಸಿದೆ. ಪೊಟ್ಟಣದ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ‘ಇಂಡಿಯನ್ ಗೂಸ್‌ಬೆರಿ’ ಅಂತಿತ್ತು. ಅಮ್ಮ ಕನ್ನಡಕ ಸರಿ ಮಾಡಿಕೊಂಡು ಅಕ್ಷರ ಕೂಡಿಸಿ ಓದಿ, “ಇದು ಯಾರು?” ಅಂದರು.

“ನೆಲ್ಲಿಕಾಯಿ ಅಮ್ಮಾ.”

“ಹಾಗಂತ ಬರೆಯೋಕೆ ಏನು ಕಷ್ಟ?”

ನಂಗೆ ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ‘ಅಂಗೈ ನೆಲ್ಲಿಕಾಯಿ’ ಅಂತ ನಾವು ಯಾವುದಕ್ಕೆ ಹೇಳ್ತೀವಿ? ಯಾವ ಅನುಮಾನವೂ ಇಲ್ಲದಷ್ಟು ಸ್ಪಷ್ಟವಾಗಿ ಕಾಣೋದಕ್ಕೆ. ಸಂಸ್ಕೃತದ ಕರತಲಾಮಲಕವೂ ಅದೇ. ಅಂಥ ಕಾಯನ್ನು ಅಂಗೈಯಲ್ಲೇ ಹಿಡಿದುಕೊಂಡು, ಅದು ಯಾರು ಅಂತ ನನ್ನ ಅಮ್ಮ ಕೇಳುವ ಹಾಗಾಯಿತಲ್ಲ.

ಹಾಗಾದರೆ ಈ ಗೂಸ್‌ಬೆರಿ ಯಾರು? ಯುರೋಪಿನ ತಂಪು ನಾಡುಗಳ ಒಂದು ಮುಳ್ಳುಗಿಡ, ಹಸಿರು ಗೆರೆಗಳ ಗುಂಡನೆಯ ಹುಳಿ ಹಣ್ಣು. ಹೆಸರಿನಲ್ಲಿ ಹೆಬ್ಬಾತು ಇದೆ, ಆದರೆ ಹೆಬ್ಬಾತಿಗೂ ಈ ಹಣ್ಣಿಗೂ ಏನು ನಂಟು ಅಂತ ಇಂಗ್ಲಿಷಿನವರೇ ಇವತ್ತಿಗೂ ಜಗಳ ಆಡ್ತಾರೆ. ಕೆಲವರು ಅದು ನಿಜಕ್ಕೂ ಹೆಬ್ಬಾತಿನ ಬೆರಿಯೇ ಅಂತಾರೆ. ಇನ್ನು ಕೆಲವರ ಪ್ರಕಾರ ಅದು ಫ್ರೆಂಚಿನ ‘ಗ್ರೊಸೇಯ್’ ಪದ ಜನರ ಬಾಯಲ್ಲಿ ಸವೆದು, ಅರ್ಥ ಆಗದ ಶಬ್ದದ ಜಾಗದಲ್ಲಿ ಗೊತ್ತಿರೋ ಹಕ್ಕಿ ಬಂದು ಕೂತಿದ್ದು. ಇಂಗ್ಲಿಷಿನಲ್ಲಿ 19ನೇ ಶತಮಾನದಿಂದ ಇನ್ನೊಂದು ಅರ್ಥವೂ ಇದೆ. ಇಬ್ಬರು ಪ್ರೇಮಿಗಳ ಮಧ್ಯೆ ಸುಮ್ಮನೆ ಕೂತಿರುವ ಮೂರನೆಯವರೂ ‘ಗೂಸ್‌ಬೆರಿ’. ಮಗು ಎಲ್ಲಿಂದ ಬಂತು ಅಂತ ಕೇಳಿದ ಮಕ್ಕಳಿಗೆ ಅಲ್ಲಿನ ದೊಡ್ಡವರು “ಗೂಸ್‌ಬೆರಿ ಗಿಡದ ಕೆಳಗೆ ಸಿಕ್ತು” ಅಂತ ಹೇಳಿ ಜಾರಿಕೊಳ್ತಿದ್ದರು.

ಅಂದರೆ ಮೂಲದ ಹಣ್ಣಿನ ಹೆಸರಿಗೇ ನೆಲೆ ಇಲ್ಲ. ಅಂಥ ಹೆಸರನ್ನು ಲೋಕದ ಸುತ್ತ ಹಂಚಿದ್ದಾರೆ. ದಕ್ಷಿಣ ಅಮೆರಿಕದ ಒಂದು ಹಣ್ಣು ಆಫ್ರಿಕಾದ ತುದಿಯ ಕೇಪ್‌ನಲ್ಲಿ ಬೆಳೆದು ‘ಕೇಪ್ ಗೂಸ್‌ಬೆರಿ’ ಆಯಿತು. ಹಿಂದಿಯವರು ರಸಭರಿ ಅನ್ನೋದು ಅದಕ್ಕೇ. ಅದು ಟೊಮೆಟೊ ಕುಟುಂಬದ್ದು. ಚೀನಾದ ಒಂದು ಬಳ್ಳಿಯ ಹಣ್ಣು ‘ಚೈನೀಸ್ ಗೂಸ್‌ಬೆರಿ’ ಆಯಿತು. ನಮ್ಮ ನೆಲ್ಲಿ ‘ಇಂಡಿಯನ್ ಗೂಸ್‌ಬೆರಿ’. ನಾಲ್ಕೂ ಬೇರೆ ಬೇರೆ ಸಸ್ಯಕುಟುಂಬಗಳು. ಅವು ಒಂದೇ ಹೆಸರಿನ ಕೆಳಗೆ ಬಂದದ್ದು, ಹೆಸರಿಟ್ಟವರಿಗೆ ತಮ್ಮ ಹಿತ್ತಲಿನ ಹಣ್ಣು ನೆನಪಾಯಿತು ಅನ್ನೋ ಕಾರಣಕ್ಕೆ.

ಹಾಗಂತ ಇಂಗ್ಲಿಷಿಗೆ ಬೇರೆ ದಾರಿ ಇರಲಿಲ್ಲ ಅನ್ನೋ ಹಾಗಿಲ್ಲ. ಸಂಸ್ಕೃತದ ಆಮಲಕ ಪರ್ಷಿಯನ್ನಿಗೆ ಹೋಗಿ, ಅಲ್ಲಿಂದ ಅರಬಿಯಲ್ಲಿ ‘ಅಮ್ಲಜ್’ ಆಗಿ, ಮಧ್ಯಯುಗದ ಲ್ಯಾಟಿನ್‌ನಲ್ಲಿ ‘ಎಂಬ್ಲಿಕಾ’ ಆಗಿತ್ತು. 1753ರಲ್ಲಿ ಲಿನೇಯಸ್ ಈ ಮರಕ್ಕೆ ಇಟ್ಟ ಸಸ್ಯಶಾಸ್ತ್ರೀಯ ಹೆಸರು ಫಿಲಾಂಥಸ್ ಎಂಬ್ಲಿಕಾ. ಇಂಗ್ಲಿಷಿನಲ್ಲೂ ‘ಎಂಬ್ಲಿಕ್’ ಅನ್ನೋ ಪದ ಇತ್ತು. ಆ ಪದವನ್ನು ಬಿಡಿಸಿದರೆ ಔಷಧಿಯ ಗಂಟು ಹೊತ್ತ ವರ್ತಕರು, ಹಕೀಮರು, ಅನುವಾದಕರು ನಡೆದ ದಾರಿಯೆಲ್ಲ ಕಾಣಿಸುತ್ತೆ. ಆದರೂ ಬಳಕೆಯಲ್ಲಿ ಗೆದ್ದಿದ್ದು ‘ಇಂಡಿಯನ್ ಗೂಸ್‌ಬೆರಿ’. ಯಾಕೆ? ‘ಎಂಬ್ಲಿಕ್’ ಅಂದರೆ ಕೇಳಿದವನು “ಹಾಗಂದ್ರೇನು?” ಅಂತ ಇನ್ನೊಂದು ಪ್ರಶ್ನೆ ಹಾಕಬೇಕು. ‘ಇಂಡಿಯನ್ ಗೂಸ್‌ಬೆರಿ’ ಅಂದರೆ ಏನನ್ನೂ ಕೇಳಬೇಕಿಲ್ಲ, ಹೊಸದೇನೂ ಕಲಿಯಬೇಕಿಲ್ಲ. ನಿನಗೆ ಗೊತ್ತಿರೋದೇ, ಇನ್ನೊಂದು ಊರಿನದು, ಅಷ್ಟೇ.

ಆ ಹೆಸರಿನಲ್ಲಿ ಬಿಟ್ಟುಹೋದದ್ದು ಎಷ್ಟು ಅಂತ ಸ್ವಲ್ಪ ನೋಡಿ. ಪಟ್ಟದಕಲ್ಲಿನ ಗಳಗನಾಥದಂಥ ನಾಗರ ಶೈಲಿಯ ಗುಡಿಗಳ ಶಿಖರದ ತುದಿಯಲ್ಲಿ ಹೋಳುಹೋಳಾಗಿ ಕಾಣುವ ಗುಂಡುಗಲ್ಲು ಇರುತ್ತಲ್ಲ, ಅದರ ಹೆಸರೇ ಆಮಲಕ. ಅಶೋಕಾವದಾನದ ಕಥೆಯಲ್ಲಿ, ಎಲ್ಲ ಅಧಿಕಾರ ಕಳೆದುಕೊಂಡ ಮುದಿ ಅಶೋಕನ ಕೈಯಲ್ಲಿ ಕೊನೆಗೆ ಸಂಘಕ್ಕೆ ದಾನ ಕೊಡೋಕೆ ಉಳಿದದ್ದು ಅರ್ಧ ನೆಲ್ಲಿಕಾಯಿ. ತಮಿಳಿನ ಸಂಗಂ ಕಾಲದ ದೊರೆ ಅದಿಯಮಾನ್, ಆಯುಸ್ಸು ಕೊಡುವ ನೆಲ್ಲಿಕಾಯನ್ನು ತಾನು ತಿನ್ನದೆ ಕವಿ ಔವೈಯಾರ್‌ಗೆ ಕೊಟ್ಟ. ಇದೇ ಮರಕ್ಕೆ ಧಾತ್ರಿ ಅಂತಲೂ ಹೆಸರು, ಅಂದರೆ ಸಾಕುವ ತಾಯಿ. ಕಾರ್ತೀಕದಲ್ಲಿ ಅದರ ನೆರಳಲ್ಲಿ ಊಟ ಮಾಡೋದೇ ವನಭೋಜನ. ಕನ್ನಡ, ತಮಿಳು, ತುಳು, ಮಲಯಾಳ ನಾಲ್ಕರಲ್ಲೂ ಅದು ನೆಲ್ಲಿ. ನೆಲ್ಯಾಡಿ, ನೆಲ್ಲಿಹುದಿಕೇರಿ ಅಂತ ಊರಿನ ಹೆಸರುಗಳಲ್ಲೂ ಅದು ಕೇಳಿಸುತ್ತೆ.

ಇಷ್ಟು ಬರೆದ ಮೇಲೆ “ನೋಡಿ, ಬಿಳಿಯರು ನಮ್ಮ ಹೆಸರು ಕಿತ್ತುಕೊಂಡರು” ಅಂತ ಮುಗಿಸಿಬಿಟ್ಟರೆ ಸುಲಭ. ಆದರೆ ಅಷ್ಟರಲ್ಲಿ ಅಡುಗೆಮನೆಯಿಂದ ಒಗ್ಗರಣೆ ಘಾಟು ಬಂತು, ಮೆಣಸಿನಕಾಯಿ ನೆನಪಾಯ್ತು.

ಮೆಣಸು ನಮ್ಮದು, ಮಲೆನಾಡಿನ ಬಳ್ಳಿ. ಈ ಖಾರದ ಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅಲ್ಲಿನ ಜನ ಅದನ್ನು ಏನಂತ ಕರೀತಿದ್ರು ಅಂತ ನಾವು ವಿಚಾರಿಸಿದೆವಾ? ಖಾರ ಇದೆ, ಸರಿ, ಮೆಣಸಿನ ಕಾಯಿ! ತಮಾಷೆ ಏನಂದರೆ ಆಮೇಲೆ ಹಳೇ ಮೆಣಸೇ ತನ್ನ ಗುರುತಿಗೆ ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಅಂತ ವಿಶೇಷಣ ಸೇರಿಸಿಕೊಳ್ಳಬೇಕಾಯ್ತು. ಪರಂಗಿ ಹಣ್ಣಿನದೂ ಇದೇ ಕಥೆ. ಹಡಗಿನಲ್ಲಿ ತಂದ ಫಿರಂಗಿಗಳ ಹೆಸರನ್ನೇ ಹಣ್ಣಿಗೆ ಹಚ್ಚಿದೆವು. ಸೀಮೆಬದನೆ, ಸೀಮೆಹುಣಸೆ ಎಲ್ಲ ನಮ್ಮ ‘ಇಂಡಿಯನ್ ಗೂಸ್‌ಬೆರಿ’ಗಳೇ. ಚೀನಾದವರು ತಮ್ಮ ಆ ಹಣ್ಣಿಗೆ ಇಟ್ಟ ‘ಮಿಹೌತಾವ್’ ಅನ್ನೋ ಹೆಸರಿಗೂ ಕೋತಿಯ ಪೀಚ್ ಹಣ್ಣು ಅಂತಲೇ ಅರ್ಥ. ಗೊತ್ತಿಲ್ಲದ್ದನ್ನು ಗೊತ್ತಿರೋದರ ಮೂಲಕ ಹಿಡಿಯೋದು ಎಲ್ಲ ಭಾಷೆಗಳ ಸ್ವಭಾವ. ಅದನ್ನೇ ತಪ್ಪು ಅಂದರೆ ಮಾತಾಡೋದನ್ನೇ ಬಿಡಬೇಕಾಗುತ್ತೆ.

ಹಾಗಾದರೆ ನನ್ನ ಸಿಟ್ಟಿಗೆ ಆಧಾರವೇ ಇಲ್ವಾ? ಚೈನೀಸ್ ಗೂಸ್‌ಬೆರಿಗೆ ಮುಂದೆ ಏನಾಯ್ತು ಅನ್ನೋದು ಇಲ್ಲಿ ಉಪಯೋಗಕ್ಕೆ ಬರುತ್ತೆ. 1904ರಲ್ಲಿ ಇಸಬೆಲ್ ಫ್ರೇಜರ್ ಅನ್ನೋ ಶಿಕ್ಷಕಿ ಚೀನಾದಿಂದ ಅದರ ಬೀಜಗಳನ್ನು ನ್ಯೂಜಿಲೆಂಡ್‌ಗೆ ತಂದರು. ಅಲ್ಲಿ ಅದು ಚೆನ್ನಾಗಿ ಬೆಳೆಯಿತು. ಅಮೆರಿಕಕ್ಕೆ ಮಾರುವ ಹೊತ್ತಿಗೆ ಹೆಸರು ತೊಡಕಾಯಿತು. ‘ಮೆಲೊನೆಟ್’ ಅಂತ ಯೋಚಿಸಿ ಅದನ್ನೂ ಕೈಬಿಟ್ಟು, 1959ರಲ್ಲಿ ರಫ್ತು ಮಾಡುವ ಕಂಪನಿಯೊಂದು ತಮ್ಮ ದೇಶದ ಹಕ್ಕಿಯ ಹೆಸರನ್ನೇ ಇಟ್ಟಿತು. ಅದೇ ಕಿವಿ ಹಣ್ಣು. ಇವತ್ತು ಚೀನಾದ ಅಂಗಡಿಗಳಲ್ಲಿ ಸ್ವದೇಶದ ಹಣ್ಣಿಗೆ ಹಳೇ ಹೆಸರು, ನ್ಯೂಜಿಲೆಂಡಿನಿಂದ ಬಂದದ್ದಕ್ಕೆ ‘ಕಿವಿ’ಯ ಶಬ್ದಕ್ಕೆ ಹತ್ತಿರದ ಬೇರೆ ಹೆಸರು. ಹಣ್ಣು ತವರಿಗೆ ವಿದೇಶಿಯಾಗಿ ವಾಪಸ್ ಬಂದಿದೆ. ಹಣ್ಣಿಗೆ ಇದರಿಂದ ನೋವಿಲ್ಲ. ಅದಕ್ಕೆ ತನ್ನ ಹೆಸರೇ ಗೊತ್ತಿಲ್ಲ. ನನಗೆ ಕಾಡಿದ್ದು ಬೇರೆ ಪ್ರಶ್ನೆ: ತನ್ನ ಹೆಸರು ಗೊತ್ತಿರುವ, ಕೇಳಿದರೆ ಹೇಳಬಲ್ಲ ಒಬ್ಬರಿಗೆ ಹೀಗೆ ಮಾಡಿದರೆ?

ಇದಕ್ಕೆ ಉತ್ತರ ನನ್ನ ಅಪಾರ್ಟ್‌ಮೆಂಟಿನ ಗೇಟಿನಲ್ಲೇ ನಿಂತಿತ್ತು.

ಪೊಟ್ಟಣದ ಕಾಯಿ ಅಮ್ಮನಿಗೆ ಸಮಾಧಾನ ಕೊಡಲಿಲ್ಲ. ಸಂಜೆ ವಾಕಿಂಗ್‌ಗೆ ಅಂತ ಕೆಳಗೆ ಹೋದವರು ಅರ್ಧ ಗಂಟೆಯಲ್ಲಿ ಕಾಯಿ ತುಂಬಿದ ಒಂದು ನೆಲ್ಲಿ ಕೊಂಬೆ ಹಿಡಿದು ಬಂದರು. ಹಿಂದಿನ ಖಾಲಿ ಸೈಟಿನಲ್ಲಿ ಮರ ಇದೆಯಂತೆ, ಗೇಟಿನ ಹುಡುಗ ಕಿತ್ತುಕೊಟ್ಟನಂತೆ. “ಯಾರು, ಬಹದ್ದೂರಾ?” ಅಂದೆ. ಅಮ್ಮ ಬೇರೆ ಒಂದು ಹೆಸರು ಹೇಳಿದರು. “ಅವನ ಹೆಸರು ಬಹದ್ದೂರ್ ಅಲ್ವಲ್ಲೋ. ನಾನು ಕೇಳಿದೆ, ಹೇಳಿದ.” ಅಮ್ಮನಿಗೆ ಬರೋದು ಐದಾರು ಹಿಂದಿ ಪದ. ಅದರಲ್ಲೇ ಅವರು ಹೆಸರು, ಊರು, ಮಗಳ ವಯಸ್ಸು ಎಲ್ಲ ತಿಳಿದುಕೊಂಡು ಬಂದಿದ್ದರು. ನಾನು ಹತ್ತಿರ ಹತ್ತಿರ ಎರಡು ವರ್ಷದಿಂದ ದಿನಾ ಎರಡು ಸಲ ಅವನ ಮುಂದೆ ಹಾದುಹೋಗ್ತಿದ್ದೆ. ಅವನ ಹೆಸರನ್ನು ಇಲ್ಲಿ ಬರೆಯಲ್ಲ, ಅವನನ್ನು ಕೇಳಿಲ್ಲ.

ಬಹದ್ದೂರ್ ಕೆಟ್ಟ ಪದವಾ? ಮೂಲ ಹುಡುಕಿದರೆ ಎಷ್ಟು ದೊಡ್ಡ ಪದ! ಮಧ್ಯ ಏಷ್ಯಾದ ವೀರರಿಗೆ ಸಲ್ಲುತ್ತಿದ್ದ ಹೆಸರು, ಪರ್ಷಿಯನ್ ಮೂಲಕ ಮೊಗಲರ ದರ್ಬಾರಿಗೆ ಬಂದು, ಬ್ರಿಟಿಷರ ಕಾಲದಲ್ಲಿ ರಾವ್ ಬಹದ್ದೂರ್, ರಾಯ್ ಬಹದ್ದೂರ್ ಅಂತ ಬಿರುದಾಯಿತು. ನೇಪಾಳದಲ್ಲಿ ಎಷ್ಟೋ ಜನರ ಹೆಸರಿನ ಭಾಗವೂ ಹೌದು. ಆದರೆ ನಮ್ಮ ಗೇಟಿನಲ್ಲಿ ಆ ಪದಕ್ಕೆ ವೀರ ಅನ್ನೋ ಅರ್ಥ ಇಲ್ಲ. ಅಲ್ಲಿ ಅದರ ಅರ್ಥ “ಆ ಕಡೆಯ ಮುಖದವನು, ಗೇಟು ತೆಗೆಯುವವನು”. ಒಂದು ಪದದ ಹುಟ್ಟು ಎಷ್ಟೇ ಗೌರವದ್ದಾಗಿರಲಿ, ಬಳಸುವವನ ಉದಾಸೀನವನ್ನು ಅದು ತೊಳೆಯಲ್ಲ. ನಮ್ಮಲ್ಲಿ ಹೆಸರಿನ ಚರ್ಚೆ ಬಂದಾಗಲೆಲ್ಲ “ಮೂಲ ಅರ್ಥ ಏನು ಗೊತ್ತಾ?” ಅಂತ ಶುರು ಮಾಡ್ತೀವಿ. ಮೂಲ ತಿಳಿಯೋದು ಖುಷಿಯ ಕೆಲಸ, ನಾನೂ ಮೇಲೆ ಅದನ್ನೇ ಮಾಡಿದ್ದು. ಆದರೆ ಹೆಸರು ಸರಿಯೋ ತಪ್ಪೋ ಅನ್ನೋದಕ್ಕೆ ಮೂಲ ಉತ್ತರ ಕೊಡಲ್ಲ. ಅದಕ್ಕೆ ಕೇಳಬೇಕಾದ್ದು ಇಷ್ಟು: ಅವನು ಎದುರಿಗೇ ಇದ್ದಾಗ, ಕೇಳಲು ಹತ್ತು ಸೆಕೆಂಡ್ ಸಾಕಿದ್ದಾಗ, ನಾನು ಕೇಳಿದೆನಾ?

ದೂರದ ಕಡಲಾಚೆಯ ಗಿಡಕ್ಕೆ ಹೋಲಿಕೆಯ ಹೆಸರಿಡೋದು ತಿಳಿವಳಿಕೆಯ ಮೊದಲ ಹೆಜ್ಜೆ. ಎದುರಿಗಿರುವ ಮನುಷ್ಯನ ವಿಷಯದಲ್ಲಿ ಅಲ್ಲೇ ನಿಂತುಬಿಡೋದು, ಇನ್ನು ತಿಳಿಯೋದು ಏನೂ ಇಲ್ಲ ಅಂತ ತೀರ್ಮಾನಿಸಿದ ಹಾಗೆ.

“ಹೆಸರು ಹಿಡಿದು ಕರೆದರೆ ಅವನ ಸಂಬಳ ಜಾಸ್ತಿ ಆಗುತ್ತಾ?” ಅಂತ ಗೆಳೆಯನೊಬ್ಬ ಕೇಳಿದ. ಆಗಲ್ಲ. ಹನ್ನೆರಡು ಗಂಟೆಯ ಪಾಳಿ ಎಂಟಾಗಲ್ಲ. ಹೆಸರು ಕಲಿತು ನಾನು ಒಳ್ಳೆಯವನಾದೆ ಅಂತ ಬೀಗಿದರೆ ಅದು ಇನ್ನೊಂದು ಥರದ ಸೋಮಾರಿತನ. ಆದರೆ ಆರು ತಿಂಗಳ ನಂತರ ಅವನು ಕೆಲಸ ಬಿಟ್ಟು ಹೋದಾಗ ನಂಗೆ ಇನ್ನೊಂದು ವಿಷಯ ಅರ್ಥವಾಯ್ತು. ಮಾರನೇ ದಿನ ಅದೇ ಸಮವಸ್ತ್ರದಲ್ಲಿ ಇನ್ನೊಬ್ಬ ಬಂದು ನಿಂತಿದ್ದ. ನಮ್ಮ ಮಹಡಿಯವರೊಬ್ಬರು ಕಾರಿನ ಕಿಟಕಿ ಇಳಿಸಿ “ಬಹದ್ದೂರ್, ಕೊರಿಯರ್ ಬಂತಾ?” ಅಂದರು. ಆಳು ಬದಲಾದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಅದು ಮನುಷ್ಯನ ಹೆಸರಲ್ಲ, ಕುರ್ಚಿಯ ಹೆಸರು. ಹಾಗೆ ಕರೆಸಿಕೊಂಡವನು ಒಂದು ದಿನ ಇಲ್ಲವಾದರೆ, ಇಲ್ಲ ಅಂತ ಯಾರಿಗೂ ಅನ್ನಿಸಲ್ಲ. ಸಂಬಳ, ರಜೆ, ಪಾಳಿಯ ಮಾತು ಎತ್ತಬೇಕಾದರೂ ಮೊದಲು ಅಲ್ಲಿ ಒಬ್ಬ ಇದ್ದಾನೆ ಅಂತ ಕಾಣಬೇಕಲ್ಲ.

ನಾನು ಹೊಸಬನ ಹತ್ತಿರ ಹೋಗಿ ಹೆಸರು ಕೇಳಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, “ಬಹದ್ದೂರ್ ಚಲೇಗಾ ಸಾಬ್” ಅಂದ.

ಇದನ್ನು ನಾನು ಎಣಿಸಿರಲಿಲ್ಲ. ಆದರೆ ಆ ಉತ್ತರ ನಂಗೆ ಹೊಸದೂ ಅಲ್ಲ. ಆಫೀಸಿನ ಮೊದಲ ವಿದೇಶಿ ಕಾಲ್‌ನಲ್ಲಿ ಆ ಕಡೆಯವರು ನನ್ನ ಹೆಸರಿನಲ್ಲಿ ಎರಡು ಸಲ ಎಡವಿದಾಗ, ಅದರ ಬಾಲ ಕತ್ತರಿಸಿ ಎರಡಕ್ಷರ ಮಾಡಿ “ಇಷ್ಟು ಸಾಕು” ಅಂತ ಕೊಟ್ಟವನು ನಾನೇ. ಯಾರೂ ಒತ್ತಾಯಿಸಿರಲಿಲ್ಲ. ಮೀಟಿಂಗ್ ಮುಂದೆ ಹೋಗಲಿ, ನನ್ನಿಂದ ಯಾರಿಗೂ ತೊಂದರೆ ಬೇಡ ಅಂತ ಅಷ್ಟೇ. ಅದನ್ನು ಇಷ್ಟು ದಿನ ನನ್ನ ಆಯ್ಕೆ ಅಂದುಕೊಂಡಿದ್ದೆ. ಗೇಟಿನ ಹುಡುಗನ ಬಾಯಲ್ಲಿ ಅದೇ ಮಾತು ಕೇಳಿದಾಗ ಅದು ಆಯ್ಕೆಯ ಹಾಗೆ ಕೇಳಿಸಲಿಲ್ಲ.

ಅವನಿಗೆ ನಿಜವಾಗಿ ಹಾಗೆ ಕರೆಸಿಕೊಳ್ಳೋದು ಇಷ್ಟವಿದ್ದರೆ ಹಾಗೇ ಕರೆಯಬೇಕು, ಬೇರೆ ಹೆಸರು ಕೇಳಿ ಪೀಡಿಸುವ ಹಕ್ಕು ನಂಗಿಲ್ಲ. ಆದರೆ ಇನ್ನೊಂದು ಸಲ ಕೇಳುವಷ್ಟು ಜಾಗ ಇದೆ ಅನ್ನಿಸ್ತು. “ಮನೆಯಲ್ಲಿ ಏನಂತ ಕರೀತಾರೆ?” ಅಂದೆ. ಅವನು ಸ್ವಲ್ಪ ನಕ್ಕು ಹೇಳಿದ. ನಂಗೆ ಉಚ್ಚಾರ ಸರಿಯಾಗಿ ಬರಲಿಲ್ಲ. ಅವನು ತಿದ್ದಿದ. ಮತ್ತೆ ಹೇಳಿದೆ. ಇನ್ನೂ ಪೂರ್ತಿ ಸರಿ ಬಂದಿಲ್ಲ, ದಿನಾ ಬೆಳಿಗ್ಗೆ ಒಂದು ಸಲ ಪ್ರಯತ್ನ ಮಾಡ್ತೀನಿ.