ದೂರದ ಬೆಟ್ಟದ ಬಣ್ಣ

ಕಳೆದ ವರ್ಷ ಗೌರಿ ಹಬ್ಬಕ್ಕೆ ಮುಂಚೆ ಊರಿನ ಮನೆಯ ಪಡಸಾಲೆಗೆ ಬಣ್ಣ ಹೊಡೆಸಿದೆ. ಪೂರ್ತಿ ನೀಲಿ ಅಲ್ಲ, ಪೂರ್ತಿ ಹಸಿರೂ ಅಲ್ಲ. ಎರಡನ್ನೂ ಕಲಸಿ ಮೇಲೊಂದು ಹಿಡಿ ಬೂದಿ ಉದುರಿಸಿದಂಥ ಕಡುಬಣ್ಣ. ಸೀರೆ ಅಂಗಡಿಯವರು ಇದರ ಹತ್ತಿರದ ಬಣ್ಣವನ್ನು ರಾಮಾ ಗ್ರೀನ್ ಅಂತಾರೆ. ಬೆಂಗಳೂರಿನ ಕೆಫೆಗಳಲ್ಲಿ ಈಗ ಇದರದೇ ಕಾಲ. ಹಿತ್ತಾಳೆ ದೀಪ, ಹಳೇ ಮರದ ಕುರ್ಚಿ, ಹಿಂದೆ ಈ ಗೋಡೆ. ಅಂಥದ್ದೊಂದು ಫೋಟೊ ನಿಮ್ಮ ಫೋನಿನಲ್ಲೂ ಸೇವ್ ಆಗಿರುತ್ತೆ ಬಿಡಿ.

ನನಗೆ ಮಾತ್ರ ಇದು ಫೋಟೊ ನೋಡಿ ಹುಟ್ಟಿದ ಆಸೆ ಅಲ್ಲ ಅನ್ನುವ ಜಂಬ ಇತ್ತು. ನಮ್ಮೂರು ಹುತ್ರಿದುರ್ಗದ ಬುಡದಲ್ಲಿದೆ. ಮಳೆಗಾಲದ ಬೆಳಗ್ಗೆ ಮಾಗಡಿ ದಾಟಿ ಕುಣಿಗಲ್ ಕಡೆ ಬೈಕಿನಲ್ಲಿ ಬರುವಾಗ ದೂರದಲ್ಲಿ ಬೆಟ್ಟ ಕಾಣುತ್ತಲ್ಲ, ಆಗ ಅದರ ಬಣ್ಣ ಇದೇ. ‘ನಮ್ಮ ಬೆಟ್ಟವನ್ನೇ ಮನೆಯೊಳಗೆ ತರ್ತಿದೀನಿ’ ಅಂತ ಸ್ನೇಹಿತರ ಹತ್ತಿರ ಹೇಳಿಕೊಂಡೂ ಇದ್ದೆ.

ಅವ್ವನನ್ನು ಕೇಳದೆ ಮಾಡಿದ್ದೇನಲ್ಲ. ಶೇಡ್ ಕಾರ್ಡ್ ತೋರಿಸಿದೆ. ‘ನಿಂಗೆ ಇಷ್ಟ ಆದ್ರೆ ಸರಿ ಕಣಪ್ಪ’ ಅಂದಳು. ಅದನ್ನು ಒಪ್ಪಿಗೆ ಅಂದುಕೊಂಡೆ. ಗೋಡೆ ಒಣಗಿದ ಮೇಲೆ ಫೋಟೊ ತೆಗೆದೆ, ಲೈಕು ಬಂತು, ಭಾನುವಾರ ಸಂಜೆ ವಾಪಸ್ ಬೆಂಗಳೂರಿಗೆ ಹೊರಟೆ.

ಅವರೆಕಾಯಿ ಕಾಲದಲ್ಲಿ ಮತ್ತೆ ಹೋದಾಗ ಅವ್ವ ಜಗಲಿ ಮೇಲೆ ಕೂತು ಕಾಳು ಆರಿಸ್ತಿದ್ದಳು. ಗಾಳಿ ಬೇರೆ ಕೊರೀತಿತ್ತು. ಮೊದಲೆಲ್ಲ ಈ ಕೆಲಸ ಪಡಸಾಲೆಯ ಕಿಟಕಿ ಪಕ್ಕ ನಡೀತಿತ್ತು. ‘ಯಾಕವ್ವ ಚಳೀಲಿ ಕೂತಿದೀಯ?’ ಅಂದೆ.

‘ಒಳಗೆ ಕಾಣಕ್ಕಿಲ್ಲ ಮಗ. ಹುಳ ಯಾವ್ದು, ಕಾಳು ಯಾವ್ದು ಗೊತ್ತಾಗಲ್ಲ.’

ಹಗಲಲ್ಲೂ ಟ್ಯೂಬ್‌ಲೈಟ್ ಹಾಕಬೇಕಾಗಿತ್ತಂತೆ. ಯಾರೂ ಇಲ್ಲದ ಕೋಣೆಯಲ್ಲಿ ಒಂದು ಬಲ್ಬ್ ಉರಿದರೂ ಎದ್ದು ಹೋಗಿ ಆರಿಸುವ ಹೆಂಗಸು ಅವಳು. ಎರಡು ಸಲ ಹೊಸ್ತಿಲು ಎಡವಿ ಕಾಲ್ಬೆರಳು ಊದಿತ್ತಂತೆ. ಇದ್ಯಾವುದನ್ನೂ ಅವಳು ಫೋನಿನಲ್ಲಿ ಹೇಳಿರಲಿಲ್ಲ. ‘ಯಾಕೆ ಹೇಳ್ಲಿಲ್ಲ?’ ಅಂತ ಕೇಳಿದ್ದಕ್ಕೆ, ‘ಆಸೆಪಟ್ಟು ಬಳಿಸ್ದೆ. ದುಡ್ಡು ಹಾಕ್ದೋನೂ ನೀನೇ’ ಅಂದಳು. ಕೋಪದಲ್ಲಿ ಹೇಳಿದ ಮಾತಲ್ಲ ಅದು. ಇರೋದನ್ನ ಇದ್ದ ಹಾಗೆ ಹೇಳಿದ್ದಳು, ಅಷ್ಟೆ.

ಲೆಕ್ಕ ಸುಲಭದ್ದು, ನಾನು ಹಾಕಿರಲಿಲ್ಲ. ಒಳ್ಳೇ ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80 ಪಾಲು ಕೋಣೆಗೆ ವಾಪಸ್ ಕೊಡುತ್ತೆ. ಇಂಥ ಕಡುಬಣ್ಣ ಕೊಡೋದು 10ರ ಆಸುಪಾಸು. ಅತ್ತ, ವಯಸ್ಸಾದ ಹಾಗೆ ಕಣ್ಣಿನ ಪಾಪೆ ಚಿಕ್ಕದಾಗುತ್ತೆ, ಮಸೂರ ಹಳದಿಗಟ್ಟುತ್ತೆ. 60 ದಾಟಿದವರ ಕಣ್ಣಿನೊಳಗೆ ತಲುಪುವ ಬೆಳಕು 20ರ ಹರೆಯದವರಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಪಾಲು. ಅಂದರೆ ನಾನೂ ಅವ್ವನೂ ಒಂದೇ ಪಡಸಾಲೆಯಲ್ಲಿ ನಿಂತಿದ್ದರೂ ನೋಡ್ತಿದ್ದದ್ದು ಒಂದೇ ಪಡಸಾಲೆಯನ್ನಲ್ಲ. ನನಗೆ ‘ಮೂಡ್’ ಅನ್ನಿಸಿದ್ದು ಅವಳಿಗೆ ಬರೀ ಕತ್ತಲೆ.

ಆದರೆ ನನ್ನನ್ನು ಕಾಡಿದ್ದು ಬೆಳಕಿನ ಲೆಕ್ಕಕ್ಕಿಂತ ಆ ‘ದುಡ್ಡು ಹಾಕ್ದೋನು ನೀನು’ ಅನ್ನುವ ಮಾತು. ಬೆಂಗಳೂರಿನಲ್ಲಿ ಬಾಡಿಗೆಗೆ ಇರೋರಿಗೆ ಈ ಮಾತಿನ ಇನ್ನೊಂದು ತುದಿ ಚೆನ್ನಾಗಿ ಗೊತ್ತು. ಗೋಡೆಗೆ ಒಂದು ಮೊಳೆ ಹೊಡೆಯೋಕೂ ಓನರ್ ಕಡೆ ನೋಡಬೇಕು. ಅವರು ಬಳಿಸಿದ ಬಣ್ಣದಲ್ಲೇ ವರ್ಷಗಟ್ಟಲೆ ಬದುಕಿ, ಖಾಲಿ ಮಾಡುವಾಗ ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿಸಿಕೊಂಡು ಬರಬೇಕು. ‘ಇರೋರು ನಾವು, ಬಣ್ಣ ಆರಿಸೋರು ಅವರಾ?’ ಅಂತ ನಾನೂ ಎಷ್ಟೋ ಸಲ ಗೊಣಗಿದೀನಿ. ಅದೇ ನಾನು ಊರಿಗೆ ಹೋಗಿ, ತಿಂಗಳಿಗೆ ಎರಡು ರಾತ್ರಿ ಮಲಗುವ ಮನೆಗೆ ಓನರ್ ಆಗಿಬಿಟ್ಟೆ. ಮೂವತ್ತು ದಿನವೂ ಅಲ್ಲೇ ಇರುವವಳನ್ನು ಬಾಡಿಗೆಯವಳನ್ನಾಗಿ ಮಾಡಿದೆ. ಕೈಯಲ್ಲಿ ದುಡ್ಡು ಇರೋನು ಕೇಳಿದಾಗ ಇಲ್ಲದವರು ಹೇಳುವ ‘ನಿಂಗೆ ಇಷ್ಟ ಆದ್ರೆ ಸರಿ’ ಅನ್ನೋದು ಒಪ್ಪಿಗೆಯೇ ಅಲ್ಲ. ಅದನ್ನು ಕೇಳಿಸಿಕೊಂಡ ಮೇಲೂ ‘ಮತ್ತೆ ನಿಂಗೆ?’ ಅಂತ ಇನ್ನೊಂದು ಸಲ ಕೇಳಬೇಕಿತ್ತು.

ಹಾಗಂತ ಹಳಬರಿಗೆ ಬಿಳಿಯೇ ಸರಿ, ನಮ್ಮ ರುಚಿಯೆಲ್ಲ ಷೋಕಿ ಅಂತ ತೀರ್ಮಾನ ಮಾಡಿದರೆ ಅದೂ ಸುಳ್ಳು. ನಮ್ಮೂರ ಮನೆಗಳು ಯಾವತ್ತೂ ಬರೀ ಬಿಳಿ ಇರಲಿಲ್ಲ. ಹಬ್ಬಕ್ಕೆ ಸುಣ್ಣ ಹೊಡೆಯುವಾಗ ನೀಲಿ ಬೆರೆಸೋರು, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯೋರು. ಅವ್ವನ ಪೆಟ್ಟಿಗೆಯಲ್ಲಿರುವ ಒಳ್ಳೇ ಸೀರೆಯೂ ಇದೇ ರಾಮಾ ಗ್ರೀನ್. ಅದನ್ನು ನೆನಪಿಸಿ, ‘ನಿಂಗೂ ಈ ಬಣ್ಣ ಇಷ್ಟ ಅಲ್ವಾ?’ ಅಂದೆ. ‘ಇಷ್ಟನೇ. ಸೀರೆಯಾದ್ರೆ ಬಿಚ್ಚಿಡಬೋದು, ಗೋಡೆ ಬಿಚ್ಚಿಡಕ್ಕಾಯ್ತದಾ?’ ಅಂದಳು.

ಸುಣ್ಣದಲ್ಲಿ ಆ ಸೌಕರ್ಯ ಇತ್ತು. ಒಂದು ವರ್ಷ ನೀಲಿ ಜಾಸ್ತಿಯಾದರೆ ಮುಂದಿನ ಹಬ್ಬಕ್ಕೆ ಸರಿಮಾಡಬಹುದಿತ್ತು. ನಾನು ಬಳಿಸಿದ್ದು ವರ್ಷಗಟ್ಟಲೆ ಬಾಳಿಕೆ ಬರುವ ಎಮಲ್ಷನ್. ಬಾಳಿಕೆ ಅನ್ನೋದು ತಪ್ಪಿಗೂ ಅನ್ವಯಿಸುತ್ತೆ.

ಆ ಸಂಜೆ ಬೆಟ್ಟದ ಕಡೆ ನಡೆದುಕೊಂಡು ಹೋದೆ. ಹತ್ತಿರ ಹೋದಷ್ಟೂ ಆ ಬಣ್ಣ ಮಾಯ. ಬೂದು ಬಂಡೆ, ಒಣಹುಲ್ಲು, ಲಂಟಾನ. ಬೆಟ್ಟಕ್ಕೆ ಆ ನೀಲಿಹಸಿರು ಕೊಡೋದು ನಡುವೆ ಇರುವ ಗಾಳಿ. ಬೆಳಕಿನ ನೀಲಿ ಅಂಶವನ್ನು ಅದು ಹೆಚ್ಚಾಗಿ ಚದುರಿಸುತ್ತೆ. ಚಿತ್ರದಲ್ಲಿ ಏನಾದರೂ ದೂರ ಕಾಣಬೇಕಾದರೆ ಅದಕ್ಕೆ ನೀಲಿ ಹೆಚ್ಚಿಸಿ ಅಂತ ಲಿಯೊನಾರ್ಡೊ ಡ ವಿಂಚಿ ಐನೂರು ವರ್ಷದ ಹಿಂದೆಯೇ ಬರೆದಿಟ್ಟಿದ್ದ. ನಮ್ಮವರು ಇನ್ನೂ ಚಿಕ್ಕದಾಗಿ ಹೇಳಿದ್ದರು, ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತ. ಇದು ಕೆಂಪೇಗೌಡರ ಕಾಲದ ಕೋಟೆ. 1791ರ ಡಿಸೆಂಬರ್ 21ಕ್ಕೆ ಪಕ್ಕದ ಸಾವನದುರ್ಗ ಕಾರ್ನ್‌ವಾಲಿಸ್‌ನ ಸೇನೆಗೆ ಬಿತ್ತು, 24ಕ್ಕೆ ಹುತ್ರಿದುರ್ಗ. ಆ ಮೂರು ದಿನ ಇಲ್ಲಿ ಕಾವಲಿದ್ದವರಿಗೆ ಈ ಬೆಟ್ಟ ಯಾವ ಬಣ್ಣದ್ದಾಗಿ ಕಂಡಿರಬಹುದು? ಭಾನುವಾರ ಟ್ರೆಕ್ಕಿಂಗ್‌ಗೆ ಬಂದು ವ್ಯೂ ಚೆನ್ನಾಗಿದೆ ಅನ್ನುವ ನಮಗೆ ಕಂಡಂತೆ ಖಂಡಿತ ಅಲ್ಲ.

ನಾನು ಮನೆಯೊಳಗೆ ತಂದಿದ್ದು ಬೆಟ್ಟವನ್ನಲ್ಲ, ಬೆಟ್ಟಕ್ಕೂ ನನಗೂ ಇರುವ ದೂರವನ್ನು. ಊರು ಬಿಟ್ಟವನ ಕಣ್ಣಿಗೆ ಕಂಡ ಊರಿನ ಬಣ್ಣ ಅದು. ಆ ಪ್ರೀತಿ ಸುಳ್ಳಲ್ಲ. ಆದರೆ ಅದನ್ನು ಊರಲ್ಲೇ ಉಳಿದವಳ ಗೋಡೆಗೆ ಬಳಿದಿದ್ದೆ, ಖರ್ಚು ಅವಳ ಕಣ್ಣಿನದಾಗಿತ್ತು. ಹಳೇ ಮನೆ ಉಳಿಸ್ತೀವಿ, ರಿನೊವೇಟ್ ಮಾಡ್ತೀವಿ ಅಂತ ಹೊರಡುವ ನಾವೆಲ್ಲ ಮೊದಲು ಅಲ್ಲಿರುವವರ ಜಾಗದಲ್ಲಿ, ಅವರ ಕೆಲಸ ಹಿಡಿದು, ಒಂದು ಇಡೀ ಹಗಲು ಕೂತು ನೋಡಬೇಕು. ನಾನು ಕೂತಿದ್ದು ಗೋಡೆ ಫೋಟೊದಲ್ಲಿ ಚೆನ್ನಾಗಿ ಬರುವ ಜಾಗದಲ್ಲಿ.

ಯುಗಾದಿಗೆ ಪಡಸಾಲೆ ಮತ್ತೆ ಬಿಳಿಯಾಯ್ತು. ಕಡುಬಣ್ಣ ಮುಚ್ಚೋಕೆ ಪ್ರೈಮರ್ ಬೇಕಾಯ್ತು, ಅದರ ಮೇಲೆ ಮೂರು ಕೋಟು. ಪೇಂಟರ್ ಅಣ್ಣ ನಗ್ತಾನೇ ಹೊಡೆದ. ಉಳಿದಿದ್ದ ಡಬ್ಬಿ ಎಸೆಯೋಕೆ ಅವ್ವ ಬಿಡಲಿಲ್ಲ. ‘ನಿನ್ ಕೋಣೆಗೆ ಬಳ್ಕೋ, ಅಲ್ಲಿ ಇರೋನು ನೀನೇ ಅಲ್ವಾ’ ಅಂದಳು. ಬಳಿದುಕೊಂಡೆ.

ಈಗ ಮಧ್ಯಾಹ್ನ ಊಟ ಆದ ಮೇಲೆ ಅವಳು ಆ ಕೋಣೆಗೇ ಹೋಗಿ ಮಲಗ್ತಾಳಂತೆ. ಕಣ್ಣು ಮುಚ್ಕಳಕ್ಕೆ ಒಳ್ಳೇ ಬಣ್ಣ ಕಣಪ್ಪ, ಅಂದಳು.